ಮೊಣಕಾಲಿನ ಮರ್ಯಾದೆ

ಮನುಷ್ಯಕುಲದ ಇತಿಹಾಸ ಬರೆದವರೆಲ್ಲ ಸೇರಿ ಒಂದು ಮಹಾಪರಾಧ ಮಾಡಿದ್ದಾರೆ: ಮೊಣಕಾಲನ್ನು ಕಡೆಗಣಿಸಿದ್ದಾರೆ. ಕೈಗೆ ಕತ್ತಿ ಸಿಕ್ಕಿತು, ತಲೆಗೆ ಕಿರೀಟ ಸಿಕ್ಕಿತು, ಎದೆಗೆ ಪದಕ ಸಿಕ್ಕಿತು. ಪಾದಕ್ಕೂ ಬಿದ್ದು ನಮಸ್ಕರಿಸುವವರು ಸಿಕ್ಕಿದರು. ಮೊಣಕಾಲಿಗೆ ಸಿಕ್ಕಿದ್ದು ಎಳವೆಯಲ್ಲಿ ತರಚುಗಾಯ, ಮುಪ್ಪಿನಲ್ಲಿ ವಾಯು. ಪರದೇಶದ ಸೈನ್ಯ ಬಂದು ಕೂತ ಎರಡನೆಯ ವರ್ಷ ಒಂದು ಇಡೀ ಊರಿನ ಗಂಡಸರ ಜೀವ, ಮೊಣಕಾಲು ಕಾಣುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಈ ಸಂಗತಿ ಯಾವ ಪಠ್ಯಪುಸ್ತಕದಲ್ಲೂ ಬಂದಿಲ್ಲ.

ಆ ಊರಿನಲ್ಲಿ, ಆ ಕಾಲದ ಬಹಳಷ್ಟು ಊರುಗಳಂತೆಯೇ, ಹುಡುಗರು ಚಡ್ಡಿ ಹಾಕುತ್ತಿದ್ದರು, ಗಂಡಸರು ಪ್ಯಾಂಟು ಹಾಕುತ್ತಿದ್ದರು. ಹದಿನೆಂಟು ತುಂಬಿದ ದಿನ ಬಡ್ತಿ. ಅದಕ್ಕೆ ಮೊದಲು ಪ್ಯಾಂಟು ಹಾಕಿದವನನ್ನು ಕಂಡು ಜನ ನಗುತ್ತಿದ್ದರು. ಅದಾದ ಮೇಲೆ ಚಡ್ಡಿ ಹಾಕಿದವನನ್ನು ಕಂಡು ನಗುವುದಕ್ಕೆ ಅವಕಾಶವೇ ಬಂದಿರಲಿಲ್ಲ. ಯಾಕೆಂದರೆ ಅಂಥ ಧೈರ್ಯ ಯಾರೂ ಮಾಡಿರಲಿಲ್ಲ.

ಪರಸೈನ್ಯಕ್ಕೆ ನದಿಯಾಚೆಯ ಗಣಿಯಲ್ಲಿ ದುಡಿಯಲು ಆಳು ಬೇಕಿತ್ತು. ಹದಿನೆಂಟು ದಾಟಿದ, ಐವತ್ತು ಮುಟ್ಟದ ಗಂಡಸರನ್ನು ಲಾರಿಗೆ ತುಂಬಿ ಕಳಿಸಿ ಎಂದು ಆಜ್ಞೆ ಬಂತು. ಯಾರಿಗೆ ಹದಿನೆಂಟಾಗಿದೆ ಎಂದು ಹೇಳಬೇಕಿದ್ದ ಪುರಸಭೆಯ ಕಚೇರಿಯನ್ನು ಅದೇ ಸೈನ್ಯ ಬಂದ ವಾರವೇ ಫಿರಂಗಿ ಹಾರಿಸಿ ಸುಟ್ಟಿತ್ತು. ಮೊದಲ ಸಲ ಸಿಪಾಯಿಗಳು ಎತ್ತರ ನೋಡಿ ಹಿಡಿದರು. ತೆಂಗಿನ ಮರದಂತೆ ಬೆಳೆದಿದ್ದ, ಇನ್ನೂ ಧ್ವನಿ ಒಡೆಯದ ಒಬ್ಬ ಹುಡುಗ ಲಾರಿ ಹತ್ತಿದ. ಮೂರು ಮಕ್ಕಳ ತಂದೆಯಾದ ಒಬ್ಬ ಗಿಡ್ಡ ಗಡಿಯಾರ ರಿಪೇರಿಯವನನ್ನು ಗಲ್ಲ ಚಿವುಟಿ ಮನೆಗೆ ಕಳಿಸಿದರು. ಗಣಿಯ ಮೇಲಧಿಕಾರಿಗಳು ಹುಡುಗನನ್ನು ವಾಪಸು ಅಟ್ಟಿ, 'ಆಳು ಕೇಳಿದರೆ ಮಗು ಕಳಿಸುತ್ತೀರಾ? ಇನ್ನೊಮ್ಮೆ ಹೀಗಾದರೆ ನೀವೇ ಬಂದು ಅಗೆಯಿರಿ' ಎಂದು ಉಗಿದರಂತೆ. ಅಂದಿನಿಂದ ಸಿಪಾಯಿಗಳಿಗೆ ಸುಲಭದ ನಿಯಮವೊಂದು ಸಿಕ್ಕಿತು. ಪ್ಯಾಂಟಿನವನು ಗಂಡಸು, ಚಡ್ಡಿಯವನು ಹುಡುಗ.

ಆ ನಿಯಮದ ಪ್ರಕಾರ ನಡೆದ ಮೊದಲ ಬೇಟೆಯಲ್ಲೇ ದರ್ಜಿ ಸಿಕ್ಕಿಬಿದ್ದರು. ಮರುದಿನ ಮಗನಿಗೆ ಹದಿನೆಂಟು ತುಂಬುವುದಿತ್ತು. ಮಗನ ಮೊದಲ ಪ್ಯಾಂಟು ಹೊಲಿದು ಮುಗಿದಿತ್ತು, ಗುಂಡಿ ಮಾತ್ರ ಉಳಿದಿತ್ತು. ಗುಂಡಿ ತರಲು ಚೌಕಕ್ಕೆ ಹೋದವರು ಚೌಕದಿಂದಲೇ ಲಾರಿ ಹತ್ತಿದರು. ಗಣಿಗೆ ಹೋದವರಲ್ಲಿ ಅರ್ಧದಷ್ಟು ಜನ ಯುದ್ಧ ಮುಗಿದ ಮೇಲೆ ತಿರುಗಿ ಬಂದರು. ದರ್ಜಿ ಆ ಅರ್ಧದಲ್ಲಿರಲಿಲ್ಲ. ಆದರೆ ಇದು ಆಗ ಯಾರಿಗೂ ಗೊತ್ತಿರಲಿಲ್ಲ.

ಮಗನನ್ನು ಊರೆಲ್ಲ ಏಣಿ ಎಂದು ಕರೆಯುತ್ತಿತ್ತು. ದೇವರು ಅವನಿಗೆ ಕಾಲು ಕೊಡುವಾಗ ಅಳತೆ ಟೇಪು ಮನೆಯಲ್ಲೇ ಮರೆತು ಬಂದಿದ್ದ. ಹುಟ್ಟಿದ ಹಬ್ಬದ ಬೆಳಿಗ್ಗೆ ಏಣಿ ಗುಂಡಿಯಿಲ್ಲದ ಪ್ಯಾಂಟನ್ನು ಸೊಂಟದ ಹತ್ತಿರ ಮುಷ್ಟಿಯಲ್ಲಿ ಹಿಡಿದು ಕನ್ನಡಿಯ ಮುಂದೆ ನಿಂತಿದ್ದ. ಅಪ್ಪ ಇಲ್ಲದ ದುಃಖ, ಪ್ಯಾಂಟು ಬಂದ ಸಂತೋಷ, ಎರಡೂ ಒಟ್ಟಿಗೆ ಬಂದು, ಯಾವುದಕ್ಕೆ ಮುಖ ಕೊಡಬೇಕೆಂದು ತಿಳಿಯದೆ ಮುಖ ಸುಮ್ಮನಿತ್ತು. ಅಮ್ಮ ಹೊಲಿಗೆ ಮಷೀನಿನ ಪಕ್ಕದಿಂದ ಎದ್ದು ಬಂದಳು.

"ಬಿಚ್ಚು."

"ಯಾಕಮ್ಮ? ಉದ್ದ ಆಯ್ತಾ?"

"ಹೂಂ. ಉದ್ದ ಆಯ್ತು."

ಸೀಮೆಸುಣ್ಣದ ಗೆರೆ ಎಳೆಯದೆ ಒಂದು ಕರವಸ್ತ್ರವನ್ನೂ ಕತ್ತರಿಸದ ಹೆಂಗಸು, ಪ್ಯಾಂಟನ್ನು ಮೇಜಿನ ಮೇಲೆ ಹಾಸಿ ಮೊಣಕಾಲಿನ ಮೇಲೆ ಕತ್ತರಿಯಿಟ್ಟು ಒಂದೇ ಉಸಿರಿನಲ್ಲಿ ಎರಡು ಕಾಲನ್ನೂ ತುಂಡರಿಸಿಬಿಟ್ಟಳು.

"ಅಯ್ಯೋ ಅಮ್ಮಾ! ನಂಗಿವತ್ತು ಹದಿನೆಂಟು!"

"ಮೆಲ್ಲಗೆ. ಯಾರೂ ಕೇಳಿಲ್ಲ ನಿನ್ನ."

"ಊರವರೆಲ್ಲ ನಗ್ತಾರೆ. ನಾನು ಗಂಡಸಾದೆ ಅಮ್ಮ!"

"ಗಂಡಸರೆಲ್ಲ ಲಾರೀಲಿದ್ದಾರೆ. ನೀನು ಸದ್ಯಕ್ಕೆ ಹುಡುಗನಾಗಿರು."

ಮೂಲೆಯಲ್ಲಿ ಕೂತು ಹಳೆ ಕೋಟಿನ ದಾರ ಬಿಚ್ಚುತ್ತಿದ್ದ ತಾತ ತಲೆಯೆತ್ತಿದರು. ತಾತನಿಗೆ ಎಪ್ಪತ್ತು ದಾಟಿತ್ತು. ಅವರ ಪ್ಯಾಂಟಿನ ಬಗ್ಗೆ ಯಾವ ಸೈನ್ಯಕ್ಕೂ ಆಸಕ್ತಿಯಿರಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ರು ಹಿಂದಿನವರು. ನಿಮ್ಮಮ್ಮ ಕಾಲು ಉಳೀಲಿ ಅಂತ ಹಾಸಿಗೇನೇ ಕತ್ತರಿಸ್ತಿದ್ದಾಳೆ. ಹಾಕ್ಕೊಳೋ ಮಗ. ಚೆನ್ನಾಗಿರತ್ತೆ, ಗಾಳಿ ಆಡತ್ತೆ."

ಸುದ್ದಿಗೆ ಕಾಲಿಲ್ಲದಿದ್ದರೂ ಕಾಲಿನ ಸುದ್ದಿ ಬೇಗ ಹಬ್ಬಿತು. ಅಂದು ಮಧ್ಯಾಹ್ನವೇ ಪೋಸ್ಟ್‌ಮ್ಯಾನ್‌ನ ಹೆಂಡತಿ ಸೆರಗಿನಡಿ ಏನೋ ಮುಚ್ಚಿಕೊಂಡು ಬಂದಳು.

"ಅಕ್ಕಾ, ನಮ್ಮನೆಯವರದ್ದೂ ಸ್ವಲ್ಪ ಗಿಡ್ಡ ಮಾಡ್ಬೇಕಿತ್ತು."

"ಎಷ್ಟು ಗಿಡ್ಡ?"

"ಏಳನೇ ಕ್ಲಾಸಿಗೆ ಸೇರಿಸೋವಷ್ಟು."

ಪೋಸ್ಟ್‌ಮ್ಯಾನ್‌ಗೆ ಇಪ್ಪತ್ತೊಂಬತ್ತು, ಅವಳಿ ಮಕ್ಕಳ ತಂದೆ. ಅವನ ಹೆಂಡತಿಯ ಹಿಂದೆಯೇ ಬೀಗ ಮಾಡುವವನ ಮಗ ಬಂದ, ಹಾಲಿನವನ ತಮ್ಮ ಬಂದ, ಹೊಸದಾಗಿ ಮದುವೆಯಾದ ಔಷಧಿ ಅಂಗಡಿಯವನು ಹೆಂಡತಿ ಅಳುತ್ತಿದ್ದರೂ ಬಂದ. ಮಷೀನಿನ ಪೆಡಲು ಸಂಜೆಯವರೆಗೆ ನಿಲ್ಲಲಿಲ್ಲ. ಕ್ಷೌರಿಕ ಮೀಸೆಗಳನ್ನು ಗುಡಿಸಿ ಗುಡಿಸಿ ಸುಸ್ತಾದ. ಮೂವತ್ತೈದು, ನಲವತ್ತು ದಾಟಿದವರಿಗೆ ಚಡ್ಡಿ ಹಾಕಿದರೂ ಪ್ರಯೋಜನವಿರಲಿಲ್ಲ. ಅವರು ಅಟ್ಟ ಹತ್ತಿದರು, ಹತ್ತದವರು ಲಾರಿ ಹತ್ತಿದರು.

ಶಾಲೆಯ ಡ್ರಾಯಿಂಗ್ ಮಾಸ್ತರು ಮಾತ್ರ ಒಪ್ಪಲಿಲ್ಲ. ಇಪ್ಪತ್ತಾರರ ಪ್ರಾಯ, ಬೆಳ್ಳಗಿನ ಪ್ಯಾಂಟಿಗೆ ಚೂರಿಯಂಥ ಇಸ್ತ್ರಿ ಗೆರೆ. "ಪ್ರಾಣ ಕೊಡ್ತೀನಿ, ಮೊಣಕಾಲು ತೋರ್ಸಲ್ಲ" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಎಂಟನೆಯ ದಿನ ಅವರ ಮನೆಯ ಜಗಲಿಯಿಂದಲೇ ಅವರನ್ನು ಎಳೆದೊಯ್ದರು. ಆಮೇಲೆ ಯಾರೂ ಆ ಮಾತನ್ನು ಎತ್ತಿ ನಗಲಿಲ್ಲ.

ಚಡ್ಡಿ ಹಾಕಿದ ಮೇಲೆ ಶಾಲೆಗೆ ಹೋಗಲೇಬೇಕು. ಹಾಡಹಗಲಲ್ಲಿ ಬೀದಿ ಅಲೆಯುವ ಹುಡುಗನನ್ನು ಸಿಪಾಯಿ ನಿಲ್ಲಿಸಿ ಕೇಳುತ್ತಾನೆ. ಹೀಗಾಗಿ ಏಳನೇ ತರಗತಿ ಉಕ್ಕಿ ಹರಿಯಿತು. ಬೆಂಚುಗಳು ಅತ್ತವು. ಅರವತ್ತೈದರ ಹೆಡ್ಮಾಸ್ತರು ಹಾಜರಿ ಹಾಕುವಾಗ ಅವರ ಕಣ್ಣಿನಲ್ಲಿ ಹೊಳಪು ಬಂತು. ಈ ಪೋಸ್ಟ್‌ಮ್ಯಾನ್, ಈ ಹಾಲಿನವನ ತಮ್ಮ, ಎಲ್ಲರೂ ಒಂದಾನೊಂದು ಕಾಲದಲ್ಲಿ ಇದೇ ಕೋಣೆಯಲ್ಲಿ ಗಣಿತದಲ್ಲಿ ಡುಮ್ಕಿ ಹೊಡೆದು ಓಡಿಹೋದವರು. ದೇವರು ಅವರನ್ನೆಲ್ಲ ಒಟ್ಟುಗೂಡಿಸಿ ವಾಪಸು ಕಳಿಸಿದ್ದ. ಇಂಥ ಅವಕಾಶ ಯಾವ ಮೇಷ್ಟ್ರಿಗೆ ಸಿಗುತ್ತದೆ?

"ಸಾರ್, ನಾಳೆ ಒಂದು ದಿನ ರಜಾ ಬೇಕಿತ್ತು" ಎಂದ ಪೋಸ್ಟ್‌ಮ್ಯಾನ್. "ಮಗೂಗೆ ಹಲ್ಲು ಬರ್ತಿದೆ."

"ಯಾರ ಮಗು?"

"ನನ್... ನನ್ ತಮ್ಮ ಸಾರ್. ಚಿಕ್ಕ ತಮ್ಮ."

"ಹದಿನೇಳರ ಮಗ್ಗಿ ಹೇಳು. ಬಂದ್ರೆ ರಜಾ."

ರಜಾ ಸಿಗಲಿಲ್ಲ.

ಬಿಡುವಿನ ಹೊತ್ತಿನಲ್ಲಿ ಅವರು ಗೋಲಿ ಆಡಬೇಕಿತ್ತು. ಗೇಟಿನ ಸಿಪಾಯಿ ನೋಡಲಿ ಎಂದು ಶುರುವಾದದ್ದು ಎರಡೇ ದಿನಕ್ಕೆ ವ್ಯಸನವಾಯಿತು. ಔಷಧಿ ಅಂಗಡಿಯವನು ಮೂರನೇ ತರಗತಿಯವನೊಬ್ಬನ ಹಸಿರು ಗೋಲಿ ಕೊಡದೆ ಮೋಸ ಮಾಡಿ, ಆ ಹುಡುಗನ ಅಕ್ಕನಿಂದ ಬೈಸಿಕೊಂಡ.

ಏಣಿಗೆ ಮಾತ್ರ ಇದ್ಯಾವುದೂ ತಮಾಷೆಯಾಗಿರಲಿಲ್ಲ. ಉಳಿದವರು ಗಂಡಸರಾಗಿ ಹುಡುಗರ ವೇಷ ಹಾಕಿದ್ದರು. ಅವನಿಗೆ ಗಂಡಸಾಗುವ ಭಾಗ್ಯವೇ ಬಂದಿರಲಿಲ್ಲ, ಕೈಗೆ ಬಂದದ್ದು ಕಾಲಿಗೆ ಬರಲಿಲ್ಲ. ಬೇಕರಿಯವನ ಮಗಳು ದಿನವೂ ಬ್ರೆಡ್ಡಿನ ಬುಟ್ಟಿ ಹೊತ್ತು ಎದುರಾಗುತ್ತಿದ್ದಳು. ಅವಳಿಗೂ ಹದಿನೆಂಟು. ಅವಳ ನಾಲಿಗೆಗೆ ಯಾವ ಸೈನ್ಯವೂ ಕರ್ಫ್ಯೂ ಹಾಕಿರಲಿಲ್ಲ.

"ಏಣಿ, ಬೆಳಗಿನ ಚಳಿ ಜೋರಲ್ವಾ ಮೊಣಕಾಲಿಗೆ?"

"ನಿಂಗೇನು?"

"ನಂಗೇನಿಲ್ಲಪ್ಪ. ಬೆಳಿಗ್ಗೆ ಎದ್ದು ಕೊಕ್ಕರೆ ಮುಖ ನೋಡಿದ್ರೆ ಒಳ್ಳೇದು ಅಂತಾರೆ. ನನಗೆ ದಿನಾ ಕಾಲು ಮಾತ್ರ ಸಿಗ್ತಿದೆ."

ಅವನು ಬುಟ್ಟಿ ದಾಟುವವರೆಗೆ ಮಂಡಿ ಮಡಚಿ ನಡೆಯಲು ನೋಡುತ್ತಿದ್ದ. ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಊರನ್ನು ಆಳುತ್ತಿದ್ದ ಅಧಿಕಾರಿಗೆ ಜನ ವ್ಯಾಕರಣ ಸಾಹೇಬ ಎಂದು ಹೆಸರಿಟ್ಟಿದ್ದರು. ಆತ ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ. ಬೀದಿ ನಾಯಿಯನ್ನು ಓಡಿಸುವಾಗಲೂ 'ಎಲೈ ಶ್ವಾನವೇ, ದೂರ ಸರಿ' ಎನ್ನುತ್ತಿದ್ದ. ತನ್ನ ದೇಶದಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದವನಂತೆ. ಒಂದು ಮುಂಜಾನೆ ಶಾಲೆಯ ದಾರಿಯಲ್ಲಿ ಹೋಗುತ್ತಿದ್ದಾಗ ಏಳನೇ ತರಗತಿಯ ಸಾಮೂಹಿಕ ಪದ್ಯವಾಚನ ಅವನ ಕಿವಿಗೆ ಬಿತ್ತು. ಕೋಣಗಳ ಮಂದೆಯೊಂದು ಒಕ್ಕೊರಲಿನಿಂದ ಚಂದಮಾಮನನ್ನು ಕರೆಯುತ್ತಿತ್ತು. ಹಳೆಯ ವೃತ್ತಿ ರಕ್ತದಲ್ಲಿ ಕುದಿಯಿತು, ಒಳಗೆ ಬಂದ.

"ಈ ತರಗತಿಯ ಬಾಲಕರ ಕಂಠಗಳು ಇಷ್ಟೊಂದು ಗಂಭೀರವಾಗಿರುವುದಕ್ಕೆ ಕಾರಣವೇನು?"

"ನೆಗಡಿ ಸಾರ್" ಎಂದರು ಹೆಡ್ಮಾಸ್ತರು.

"ಎಲ್ಲರಿಗೂ?"

"ಒಂದೇ ಊರು ಸಾರ್."

ಸಾಹೇಬ ಬೆಂಚುಗಳ ನಡುವೆ ನಡೆದ. ಗಲ್ಲಗಳನ್ನು ನೋಡಿದ, ಕ್ಷೌರಿಕ ತನ್ನ ಕೆಲಸ ಬಲ್ಲವನಾಗಿದ್ದ. ಕೈಗಳನ್ನು ನೋಡಿದ, ಎಲ್ಲರ ಬೆರಳಿನಲ್ಲೂ ಶಾಯಿ. ತಲೆಯಾಡಿಸಿ ಹೆಡ್ಮಾಸ್ತರ ಕುರ್ಚಿಯ ಬಳಿ ಬಂದ. "ಬಾಲಕರೇ, ಕುಳಿತುಕೊಳ್ಳಿರಿ" ಎಂದು ಹೇಳಿ ತಾನೂ ಕೂರಹೋದ. ಪ್ಯಾಂಟು ಹಾಕಿದ ಯಾರಾದರೂ ಮಾಡುವಂತೆ, ಎರಡೂ ಕೈಯ ಬೆರಳುಗಳಿಂದ ಮೊಣಕಾಲಿನ ಮೇಲಿನ ಬಟ್ಟೆಯನ್ನು ಚಿವುಟಿ, ತುಸು ಮೇಲಕ್ಕೆಳೆದುಕೊಂಡು ಕೂತ. ಇಸ್ತ್ರಿ ಗೆರೆ ಮುರಿಯಬಾರದು, ಮಂಡಿಯ ಹತ್ತಿರ ಬಟ್ಟೆ ಜೋಲು ಬೀಳಬಾರದು. ಯುದ್ಧಕಾಲದಲ್ಲಿ ಪ್ಯಾಂಟು ಎರಡನೆಯ ಸಲ ಸಿಗುವುದಿಲ್ಲ.

ಕೂತು ಮುಖವೆತ್ತಿದವನ ನೋಟ ಅಲ್ಲಿಯೇ ನೆಟ್ಟಿತು. ಎದುರಿಗೆ ಪೋಸ್ಟ್‌ಮ್ಯಾನ್ ಕೂರುತ್ತಿದ್ದ. ಅವನ ಎರಡೂ ಕೈ ಬರಿ ಮೊಣಕಾಲಿನ ಮೇಲೆ ಹೋಗಿ, ಬಟ್ಟೆ ಸಿಗದೆ ಚರ್ಮವನ್ನೇ ಚಿವುಟಿ, ಇಲ್ಲದ ಪ್ಯಾಂಟನ್ನು ಜೋಪಾನವಾಗಿ ಮೇಲಕ್ಕೆತ್ತಿದವು. ಅವನ ಹಿಂದೆ ಹಾಲಿನವನ ತಮ್ಮ. ಅವನ ಪಕ್ಕ ಔಷಧಿ ಅಂಗಡಿ. ಹಿಂದಿನ ಬೆಂಚುಗಳಲ್ಲೆಲ್ಲ ಅದೇ ಚಿಟಿಕೆ.

ಪೋಸ್ಟ್‌ಮ್ಯಾನ್ ಪಕ್ಕದಲ್ಲೇ ಇದ್ದ ಏಣಿ ಸಾಹೇಬನ ಕಣ್ಣು ಹೋದ ಕಡೆಯೇ ನೋಡಿದ. ಅವನಿಗೂ ಅದು ಕಂಡಿತು.

ಸಾಹೇಬ ಸಂತೋಷವಾಗಿ ಎದ್ದ. "ಶಾಲೆಯ ಸಮಸ್ತ ಬಾಲಕರೂ ಈ ಮಧ್ಯಾಹ್ನ ಅಂಗಳದಲ್ಲಿ ಸೇರತಕ್ಕದ್ದು. ಬೆಂಚುಗಳನ್ನು ಹೊರಗೆ ತನ್ನಿರಿ."

"ಯಾಕೆ ಸಾರ್?"

"ಕುಳಿತುಕೊಳ್ಳುವುದಕ್ಕಾಗಿ."

ಅವನು ಹೋದ. ಗೇಟಿಗೆ ಇನ್ನೂ ನಾಲ್ಕು ಜನ ಸಿಪಾಯಿಗಳು ಬಂದರು. ಒಳಗಿನವರು ಹೊರಗೆ ಹೋಗುವ ಹಾಗಿರಲಿಲ್ಲ. ಹೊರಗಿನವರು, ಅದರಲ್ಲೂ ಬ್ರೆಡ್ಡು ತರುವವರು, ಒಳಗೆ ಬರಬಹುದಿತ್ತು. ಬೇಕರಿಯವನ ಮಗಳು ಬುಟ್ಟಿ ಇಳಿಸಿ ನೇರ ಏಳನೇ ತರಗತಿಗೆ ನುಗ್ಗಿದಳು.

"ಹಿಂದಿನ ರಸ್ತೇಲಿ ಮೂರು ಲಾರಿ ನಿಲ್ಸಿದ್ದಾರೆ. ಮೂರೂ ಖಾಲಿ. ನಂಗ್ಯಾಕೋ ಸರಿ ಕಾಣ್ತಿಲ್ಲ."

"ಮೊಣಕಾಲು" ಎಂದ ಏಣಿ.

"ಈಗ ಅದೊಂದೇ ಬಾಕಿ ಇತ್ತು. ನಾನೇನಂದೆ ನಿನ್ನ ಮೊಣಕಾಲಿಗೆ?"

"ನಂದಲ್ಲ ಕಣೇ, ಇವರದ್ದು!" ಏಣಿ ತಾನು ಕಂಡದ್ದನ್ನು ಹೇಳಿದ. "ಕೂತ್ಕೊಳ್ಳೋವಾಗ ಎಲ್ಲರೂ ಹೀಗೆ ಹಿಡ್ಕೋತೀರ. ಸಾಹೇಬ ನೋಡಿಬಿಟ್ಟ. ಮಧ್ಯಾಹ್ನ ಎಲ್ಲರನ್ನೂ ಕೂರ್ಸಿ, ಯಾರು ಹಿಡ್ಕೋತಾರೋ ಅವರನ್ನೆಲ್ಲ ಲಾರಿಗೆ ಹಾಕ್ತಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇಡೀ ತರಗತಿ ಮೊಣಕಾಲು ಮುಟ್ಟಿ ನೋಡಿಕೊಂಡಿತು. ಮಂಡಿಯ ಮೇಲೆ ಎರಡೆರಡು ಕೆಂಪು ಕಲೆ, ವಾರಗಟ್ಟಲೆ ಚಿವುಟಿದ್ದರ ಗುರುತು. ಸೊಳ್ಳೆ ಎಂದುಕೊಂಡಿದ್ದರು.

"ಇಷ್ಟೇ ತಾನೆ? ಹಿಡ್ಕೊಳ್ಳೋದು ಬೇಡ ಅಂದ್ರಾಯ್ತು" ಎಂದ ಹಾಲಿನವನ ತಮ್ಮ. ಎದ್ದು ನಿಂತ, ಎರಡೂ ಕೈಯನ್ನು ದಿಟ್ಟಿಸಿ ನೋಡಿದ, ಕೂತ. ಕೈ ಮೊಣಕಾಲಿನ ಮೇಲಿತ್ತು. ಇನ್ನೊಮ್ಮೆ ಎದ್ದು, ಕೈ ಕಟ್ಟಿ ಕೂತ. ಕಟ್ಟಿದ ಕೈ ಅರ್ಧ ದಾರಿಯಲ್ಲಿ ತಾನಾಗಿ ಬಿಚ್ಚಿಕೊಂಡು ಹೊರಟುಹೋಯಿತು. ಔಷಧಿ ಅಂಗಡಿಯವನು ಕೈ ಮೇಲಕ್ಕೆತ್ತಿ ಕೂರಲು ಹೋಗಿ ಬೆಂಚಿನಿಂದ ಕೆಳಗೆ ಬಿದ್ದ.

"ಅದೇನು ನಮ್ಮ ಕೈಲಿದ್ಯಾ?" ಪೋಸ್ಟ್‌ಮ್ಯಾನ್ ಅಳುವಂತಾಗಿದ್ದ. "ಹೆಂಡ್ತಿ ಹನ್ನೊಂದು ವರ್ಷದಿಂದ ಬೈದು ಬೈದು ಕಲ್ಸಿದ್ದಾಳೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಇದು ಹೆಂಡ್ತಿ ಕಲ್ಸಿದ್ದು, ಎಲ್ಲಿ ಹೋಗತ್ತೆ?"

ಯಾರೂ ನಗಲಿಲ್ಲ. ಹೆಡ್ಮಾಸ್ತರು ಒಬ್ಬೊಬ್ಬರನ್ನೇ ಎಬ್ಬಿಸಿ ಕೂರಿಸಿ ನೋಡಿದರು. ಬೆತ್ತ ತೋರಿಸಿದರು. ಬೆತ್ತದ ಭಯಕ್ಕೆ ಇನ್ನೂ ಬೇಗ ಚಿವುಟಿದರು. ಕೊನೆಗೆ ಏಣಿಯ ಸರದಿ ಬಂತು. ಅವನು ಎದ್ದ, ಕೂತ. ಕೈಗಳು ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿದ್ದವು. ಜನ್ಮದಲ್ಲಿ ಪ್ಯಾಂಟು ಹಾಕಿ ಕೂರದವನಿಗೆ ಆ ರೋಗ ಎಲ್ಲಿಂದ ಬರಬೇಕು?

ಹೆಡ್ಮಾಸ್ತರು ನಿಟ್ಟುಸಿರು ಬಿಟ್ಟರು. "ನೀನೊಬ್ಬ ಉಳಿದೆ ಕಣಪ್ಪ. ಮಧ್ಯಾಹ್ನ ಮುಂದಿನ ಬೆಂಚಲ್ಲಿ ಕೂತ್ಕೊ. ಅವನಿಗೆ ಚೆನ್ನಾಗಿ ಕಾಣೋ ಹಾಗೆ."

ಏಣಿಗೆ ಮೊದಲು ಬಂದದ್ದು ಸಂತೋಷ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಣಿಯಿಲ್ಲ, ಲಾರಿಯಿಲ್ಲ, ಸಂಜೆ ಮನೆಗೆ ಹೋಗಬಹುದು. ಅಮ್ಮನ ಕತ್ತರಿ ಗೆದ್ದಿತ್ತು. ಆಮೇಲೆ ಪೋಸ್ಟ್‌ಮ್ಯಾನ್ ಕಡೆ ನೋಡಿದ. ಅವನು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತು, ಮುಖ ಗೋಡೆಗೆ ತಿರುಗಿಸಿದ್ದ. ಮಗ್ಗಿ ಬಾರದವನ ಹಾಗೆಯೇ ಕಾಣುತ್ತಿದ್ದ. ಗೋಲಿಯಾಟದಲ್ಲಿ ಏಣಿಗೆ ದಿನವೂ ಮೋಸ ಮಾಡುತ್ತಿದ್ದವನು ಅವನು. ಅಪ್ಪನನ್ನು ಲಾರಿಗೆ ಹತ್ತಿಸಿದ ದಿನ ಓಡಿ ಬಂದು ಮನೆಗೆ ಸುದ್ದಿ ಹೇಳಿ ಅತ್ತವನೂ ಅವನೇ.

"ಸಾರ್" ಎಂದ ಏಣಿ. "ಇವರ ಕೈ ನಿಲ್ಸೋಕಾಗಲ್ಲ. ನಿಲ್ಸೋದು ಬೇಡ. ನಾವೆಲ್ಲ ಹಿಡ್ಕೊಳ್ಳೋಣ."

"ಯಾರೆಲ್ಲ?"

"ನಾನು. ಒಂದನೇ ಕ್ಲಾಸಿಂದ ಹಿಡ್ದು ಎಲ್ಲರೂ. ಶಾಲೆಗೆ ಶಾಲೆಯೇ ಹಿಡ್ಕೊಂಡ್ರೆ ಅವನು ಯಾರನ್ನಂತ ಎತ್ತಾಕ್ಕೊಂಡು ಹೋಗ್ತಾನೆ?"

ಪೋಸ್ಟ್‌ಮ್ಯಾನ್ ಗೋಡೆಯಿಂದ ತಿರುಗಿದ. "ತಲೆ ಕೆಟ್ಟಿದ್ಯೇನೋ ನಿಂಗೆ? ಅವನು ಬಿಡ್ದೆ ಹೋದ್ರೆ? ಮೊದಲ್ನೇ ಲಾರೀಲಿ ನೀನೇ ಹೋಗ್ತೀಯ. ನಿನ್ನ ಕಾಲು ನೋಡಿದ್ರೆ ಯಾರಾದ್ರೂ ಮಗು ಅಂತಾರಾ? ಸುಮ್ನೆ ಹೋಗಿ ಮುಂದೆ ಕೂತ್ಕೊ. ನಿಮ್ಮಮ್ಮಂಗೆ ನೀನೊಬ್ನೇ."

"ಹೌದು" ಎಂದ ಏಣಿ. "ಹೇಗೆ ಹಿಡಿಯೋದು ತೋರ್ಸಣ್ಣ. ನಂಗೆ ಬರಲ್ಲ."

ಆಮೇಲೆ ಪೋಸ್ಟ್‌ಮ್ಯಾನ್ ತೊಡೆಯ ಕೆಳಗಿನಿಂದ ಕೈಗಳನ್ನು ಹೊರಗೆಳೆದ. "ಎಳೀಬಾರ್ದು. ಚಿಟಿಕೆ. ಹೆಬ್ಬೆರಳು, ತೋರುಬೆರಳು. ಅಯ್ಯೋ, ಕೋಳಿ ಕತ್ತು ಹಿಡ್ದಂಗೆ ಹಿಡೀತಿದ್ಯಲ್ಲೋ! ಸೊಂಟ ಬಗ್ಗೋಕ್ಕಿಂತ ಒಂಚೂರು ಮೊದ್ಲು. ಹಾಂ. ಯಾರಿಗೂ ಗೊತ್ತಾಗದ ಹಾಗೆ, ಆದ್ರೆ ಎಲ್ರಿಗೂ ಕಾಣೋ ಹಾಗೆ. ಅದೇ ಗಂಡಸ್ತನ."

ಬೇಕರಿಯವನ ಮಗಳು ಆಗಲೇ ಒಂದನೇ ತರಗತಿಯಲ್ಲಿದ್ದಳು. ಗಂಡಸರ ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸ ಅವಳಿಗಿರಲಿ​ಲ್ಲ. "ಎಲ್ಲ ಇಲ್ನೋಡ್ರೋ. ಮೊಣಕಾಲ ಮೇಲೆ ಒಂದೊಂದು ಇರುವೆ ಕೂತಿದೆ. ಹಿಡೀರಿ. ಎತ್ತಿ. ಬಿಡಿ. ಕೂತ್ಕೊಳ್ಳಿ. ಏಯ್ ಗೊಣ್ಣೆ, ಇರುವೆ ತಿನ್ನೋಕಲ್ಲ!"

ಗೊಣ್ಣೆ ಎಂಬವನು ಆರು ವರ್ಷದವನು. ಹೆಸರಿಗೆ ಕಾರಣವಾದದ್ದು ಅವನ ಮೂಗಿನ ಕೆಳಗೆ ಎಲ್ಲ ಋತುವಿನಲ್ಲೂ ಹರಿಯುತ್ತಿತ್ತು. ಅವನು ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಇರುವೆ ಹಿಡಿದು ಕೂತ. "ಎರಡೂ ಕೈ!" ಎಂದಳು. ಅವನು ಎರಡೂ ಕೈಯಲ್ಲಿ ಮೂಗು ಹಿಡಿದ. ಒಂದರಿಂದ ಆರನೇ ತರಗತಿವರೆಗೆ ಅವಳು ಇರುವೆ ಹಿಡಿಸುತ್ತ ಹೋದಳು. ಏಳನೇ ತರಗತಿಗೆ ಬಂದು ಏಣಿ ಎದ್ದು ಕೂರುವುದನ್ನು ಬಾಗಿಲಲ್ಲಿ ನಿಂತು ನೋಡಿದಳು.

"ಹೇಗಿದೆ?" ಎಂದ ಏಣಿ.

"ಪರವಾಗಿಲ್ಲ" ಎಂದಳು. ಎಂದೂ ಒಂದು ಮಾತಿಗೆ ನಿಲ್ಲಿಸುವವಳಲ್ಲ, ಅಂದು ನಿಲ್ಲಿಸಿದಳು.

ಮಧ್ಯಾಹ್ನ ಬೆಂಚುಗಳು ಅಂಗಳಕ್ಕೆ ಬಂದವು. ಲಾರಿಗಳ ಇಂಜಿನ್ ಕಾಂಪೌಂಡಿನಾಚೆ ಗುರುಗುಟ್ಟುತ್ತಿತ್ತು. ಗೇಟಿನ ಸರಳುಗಳ ಹಿಂದೆ ಊರಿನ ಹೆಂಗಸರು, ಮುದುಕರು ಬಂದು ನಿಂತಿದ್ದರು. ಏಣಿಯ ಅಮ್ಮ ಸರಳಿಗೆ ಮುಖ ಒತ್ತಿದ್ದಳು, ಕುತ್ತಿಗೆಯಲ್ಲಿ ಟೇಪು ಹಾಗೆಯೇ ಇತ್ತು. ಪ್ರತಿ ಸಾಲಿನ ಕೊನೆಗೆ ಇಬ್ಬಿಬ್ಬರು ಸಿಪಾಯಿಗಳು. ಏಣಿ ಮುಂದಿನ ಬೆಂಚಿನಲ್ಲಿದ್ದ, ಹೆಡ್ಮಾಸ್ತರು ಹೇಳಿದಂತೆ, ಚೆನ್ನಾಗಿ ಕಾಣುವ ಹಾಗೆ.

ಸಾಹೇಬ ತನ್ನ ದಫೇದಾರನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿ ತನ್ನ ಮಂಡಿಯನ್ನು ತಟ್ಟಿ ತೋರಿಸಿದ. ದಫೇದಾರ ಹಲ್ಲು ಕಿರಿದ. ಸಿಪಾಯಿಗಳೂ ಕಿರಿದರು.

"ಬಾಲಕರೇ, ಏಳಿರಿ."

ಎದ್ದರು.

"ಕುಳಿತುಕೊಳ್ಳಿರಿ."

ಏಣಿ ಎರಡೂ ಕೈ ಮುಂದೆ ತಂದ. ಹೆಬ್ಬೆರಳು, ತೋರುಬೆರಳು. ಇಲ್ಲದ ಪ್ಯಾಂಟನ್ನು ಮೊಣಕಾಲಿನ ಮೇಲೆ ಚಿವುಟಿ, ಮೇಲಕ್ಕೆತ್ತಿ, ಕೂತ. ಅವನ ಹಿಂದೆ ಇಡೀ ಅಂಗಳ, ದೊಡ್ಡದು ಚಿಕ್ಕದು ಎನ್ನದೆ, ಬಗ್ಗಿ ಚಿವುಟಿ ಕೂತಿತು.

ದಫೇದಾರ ಮೊದಲು ಏಣಿಯ ಭುಜ ಹಿಡಿದೆಬ್ಬಿಸಿದ. ಗೇಟಿನ ಕಡೆಯಿಂದ ಒಂದು ಕೂಗು ಬಂತು. ಆಮೇಲೆ ಪಕ್ಕದವನನ್ನು ಎಬ್ಬಿಸಿದ, ಅವನ ಪಕ್ಕದವನನ್ನು ಎಬ್ಬಿಸಿದ. ನಾಲ್ಕನೆಯ ಜಾಗದಲ್ಲಿ ಕೈಗೆ ಏನೂ ಸಿಗಲಿಲ್ಲ. ಬಗ್ಗಿ ನೋಡಿದ. ಗೊಣ್ಣೆ ಕೂತಿದ್ದ. ಅವನ ಬೆರಳುಗಳು ಇನ್ನೂ ಮೊಣಕಾಲಿನ ಮೇಲೆಯೇ ಇದ್ದವು, ಬಿಡಲು ಯಾರೂ ಹೇಳಿರಲಿಲ್ಲ. ದಫೇದಾರ ಅವನನ್ನು ಕಾಲರ್ ಹಿಡಿದು ಬೆಕ್ಕಿನ ಮರಿಯಂತೆ ಎತ್ತಿ ಸಾಹೇಬನಿಗೆ ತೋರಿಸಿದ. ಇವನೂ ಗಣಿಗೋ?

ಸಾಹೇಬ ಗಾಳಿಯಲ್ಲಿ ನೇತಾಡುತ್ತಿದ್ದವನ ಬಳಿ ಬಂದ. "ಎಲೈ ಬಾಲಕನೇ, ಇದೇನು ಮಾಡುತ್ತಿರುವೆ?"

"ಕೂತ್ಕೊಂಡಿದ್ದೀನಿ" ಎಂದ ಗೊಣ್ಣೆ, ನೇತಾಡುತ್ತಲೇ.

"ಹೀಗೇಕೆ ಕುಳಿತೆ?"

"ಏಣಿ ಅಣ್ಣ ಹಿಂಗೇ ಕೂತ್ಕೊಳ್ಳೋದು."

ಸಾಹೇಬ ಏಣಿಯ ಕಡೆ ತಿರುಗಿದ. ಪಾದದಿಂದ ಶುರುಮಾಡಿ ಆ ಕಾಲುಗಳನ್ನು ನೋಡುತ್ತ ಹೋದ. ಮುಗಿಯಲು ಹೊತ್ತು ಹಿಡಿಯಿತು.

"ನೀನು ಏಕೆ ಹೀಗೆ ಕುಳಿತೆ?"

ಏಣಿ ಹೇಳಲು ಏನೋ ಸಿದ್ಧಮಾಡಿಕೊಂಡು ಬಂದಿದ್ದ. ಶಿಸ್ತು, ವ್ಯಾಯಾಮ ಎಂದೇನೋ ಹೆಡ್ಮಾಸ್ತರು ಹೇಳಿಕೊಟ್ಟಿದ್ದರು. ಬಾಯಿಗೆ ಅದು ಬರಲಿಲ್ಲ.

"ನಮ್ಮಪ್ಪ ಹೀಗೆ ಕೂತ್ಕೊಳ್ತಿದ್ರು ಸಾರ್. ಮಷೀನಿಗೆ ಕೂರೋವಾಗ."

"ನಿನ್ನ ತಂದೆಯು ಎಲ್ಲಿ?"

"ನಿಮ್ಮ ಗಣೀಲಿ."

ಏಣಿಯ ಪಕ್ಕದ ಹುಡುಗ, ಯಾರೂ ಕೇಳದಿದ್ದರೂ, "ನಮ್ಮಪ್ಪಾನೂ ಹಿಂಗೇ ಸಾರ್" ಎಂದ. ಹಿಂದಿನಿಂದ ಇನ್ನೊಬ್ಬ, "ನಮ್ಮಪ್ಪಾನೂ." ಮೂರನೇ ತರಗತಿಯ ಸಾಲಿನಿಂದ, "ನಮ್ಮಪ್ಪಾನೂ, ಚಿಕ್ಕಪ್ಪಾನೂ." ಇದು ಯಾರೂ ಹೇಳಿಕೊಟ್ಟದ್ದಲ್ಲ. ಸಾಲಿನಿಂದ ಸಾಲಿಗೆ ಹೋದ ಮಾತು ಕೊನೆಯ ಬೆಂಚು ಮುಟ್ಟಿದಾಗ ಪೋಸ್ಟ್‌ಮ್ಯಾನ್ ಕೂಡ ಆದಷ್ಟು ತೆಳ್ಳಗಿನ ಧ್ವನಿ ತೆಗೆದು, "ನಮ್ಮಪ್ಪಾನೂ ಸಾರ್" ಎಂದ. ಅವನಪ್ಪ ಗೇಟಿನ ಸರಳು ಹಿಡಿದು ನಿಂತಿದ್ದ. ಮಗ ಹೇಳಿದ್ದಕ್ಕೆ ಗಂಭೀರವಾಗಿ ತಲೆಯಾಡಿಸಿದ.

ದಫೇದಾರ ಗೊಣ್ಣೆಯನ್ನು ಕೆಳಗಿಳಿಸಿ, ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ಗಣಿಯವರು ಹಿಂದೆ ಉಗಿದದ್ದನ್ನು ನೆನಪಿಸಿದನೆಂದು ಅವನ ಮುಖವೇ ಹೇಳುತ್ತಿತ್ತು. ಸಿಪಾಯಿಗಳ ಹಲ್ಲುಗಳು ಒಳಗೆ ಹೋಗಿದ್ದವು. ತನಿಖಾಧಿಕಾರಿಯಾಗಿದ್ದವನಿಗೆ ತಾನು ಮೋಸಹೋದದ್ದು ತಿಳಿಯದೆ ಇರಲಿಲ್ಲ. ಆದರೆ ಯಾರಿಂದ ಎಂದು ಬೆರಳಿಟ್ಟು ತೋರಿಸಬೇಕಿತ್ತು. ಅವನೇ ಮಾಡಿದ ನಿಯಮದ ಪ್ರಕಾರ ಆ ಬೆರಳು ಈಗ ಒಂದನೇ ತರಗತಿಯಿಂದ ಶುರುವಾಗಬೇಕಿತ್ತು.

ಯೋಚಿಸಲೆಂದು ಕುರ್ಚಿ ಎಳೆದುಕೊಂಡ. ಕೂರಹೋದ. ಕೈಗಳು ಮೊಣಕಾಲಿನ ಕಡೆಗೆ ಹೊರಟವು.

ಇಡೀ ಅಂಗಳ ಅವನ ಕೈಗಳನ್ನೇ ನೋಡುತ್ತಿತ್ತು. ಗೇಟಿನಾಚೆಯ ಹೆಂಗಸರು ನೋಡುತ್ತಿದ್ದರು, ಸಿಪಾಯಿಗಳು ನೋಡುತ್ತಿದ್ದರು. ಸಾಹೇಬನ ಬೆರಳು ಪ್ಯಾಂಟಿಗೆ ಎರಡಂಗುಲ ದೂರದಲ್ಲಿ ನಿಂತಿತು. ಕೂರಲೂ ಆಗದೆ ನಿಲ್ಲಲೂ ಆಗದೆ, ಬಾಗಿದ ಸೊಂಟದಲ್ಲಿ ಅವನು ಹಾಗೆಯೇ ಇದ್ದ.

"ಇರುವೆ ಹಿಡೀರಿ ಸಾರ್" ಎಂದ ಗೊಣ್ಣೆ, ಸಹಾಯ ಮಾಡುವ ದನಿಯಲ್ಲಿ.

ಮೊದಲು ನಕ್ಕದ್ದು ಒಬ್ಬ ಸಿಪಾಯಿ. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಸಾಹೇಬ ನೆಟ್ಟಗಾದ. ಟೋಪಿ ಸರಿಮಾಡಿಕೊಂಡ. "ಈ ಶಾಲೆಯ ಶಿಸ್ತು ತೃಪ್ತಿಕರವಾಗಿದೆ" ಎಂದು ಹೆಡ್ಮಾಸ್ತರಿಗೆ ಹೇಳಿ, ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ನಡೆದ. ಹೆಂಗಸರು ದಾರಿ ಬಿಟ್ಟರು. ದಾರಿ ಬಿಡುವಾಗ ಒಬ್ಬೊಬ್ಬರೂ ಸೀರೆಯನ್ನು ಮೊಣಕಾಲಿನ ಹತ್ತಿರ ಚಿಟಿಕೆಯಲ್ಲಿ ಹಿಡಿದು ಎತ್ತಿಕೊಂಡರು.

ಗೇಟು ತೆರೆಯಿತು. ಅಮ್ಮ ಓಡಿಬಂದಳು. ಏಣಿಯ ಎರಡೂ ಕಾಲನ್ನು ಮುಟ್ಟಿ ನೋಡಿದಳು, ಎರಡೂ ಇದ್ದವು. ಕೆನ್ನೆಗೆ ಒಂದು ಬಾರಿಸಿದಳು. "ಕೈ ಸುಮ್ನೆ ಇಟ್ಕೊಂಡು ಕೂರೋಕೇನಾಗಿತ್ತೋ ನಿಂಗೆ?" ಎಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಷ್ಟು ಜೋರಾಗಿ ಎಳೀಬಾರ್ದು. ನಿಮ್ಮಪ್ಪ ಮೆಲ್ಲಗೆ ಹಿಡೀತಿದ್ರು. ಬಟ್ಟೆ ಹಾಳಾಗತ್ತೆ" ಎಂದಳು.

"ಇಲ್ಲಿ ಬಟ್ಟೆ ಎಲ್ಲಿದೆ ಅಮ್ಮ?"

"ಎದುರು ಮಾತಾಡ್ಬೇಡ."

"ಯಾರು ಹೇಳಿದ್ದು ಶಾಲೆ ಬಿಡ್ತು ಅಂತ?" ಹೆಡ್ಮಾಸ್ತರ ದನಿ ಅಂಗಳದ ತುಂಬ ಕೇಳಿಸಿತು. "ಬೆಂಚೆಲ್ಲ ಒಳಗೆ ತನ್ನಿ. ಏಳನೇ ಕ್ಲಾಸು, ಭಿನ್ನರಾಶಿ!"

ಕಾಂಪೌಂಡಿನಾಚೆ ಮೂರೂ ಲಾರಿಗಳು ಗೇರು ಬದಲಾಯಿಸುವ ಸದ್ದು ಕೇಳಿತು. ಅವು ಬಂದಂತೆಯೇ ಖಾಲಿಯಾಗಿ ಹೊರಟವು. ಆ ಶಾಲೆಯ ಬೆಂಚುಗಳಿಂದ ಗಣಿಗೆ ಯಾರೂ ಹೋಗಲಿಲ್ಲ.